ಎದೆನೋವಿನ ಮೊದಲ ಗಂಟೆ ತಾಲೂಕಿನದು

ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳ ವೈದ್ಯರಿಗೆ, ಹೋಬಳಿ ಊರುಗಳ ಖಾಸಗಿ ವೈದ್ಯರಿಗೆ, ಶುಶ್ರೂಷಾಧಿಕಾರಿಗಳಿಗೆ ಮತ್ತು 108ರ ಸಿಬ್ಬಂದಿಗೆ ಒಂದು ಬಹಿರಂಗ ಪತ್ರ

ವಿಷಯ: ತೀವ್ರ ಹೃದಯಾಘಾತದ ತುರ್ತು ಚಿಕಿತ್ಸೆಯಲ್ಲಿ ಈಚೆಗೆ ಆದ ಬದಲಾವಣೆಗಳು

ಮಾನ್ಯರೇ,

ಇಸಿಜಿಯಲ್ಲಿ ಎಸ್‌ಟಿ ಏರಿಕೆ ತೋರುವ ಹೃದಯಾಘಾತದಲ್ಲಿ ಹೃದಯದ ಒಂದು ರಕ್ತನಾಳ ಹೆಪ್ಪಿನಿಂದ ಪೂರ್ತಿ ಮುಚ್ಚಿರುತ್ತದೆ. ಅದನ್ನು ತೆರೆಯಲು ಇರುವ ದಾರಿಗಳು ಎರಡೇ. ಒಂದು, ಕ್ಯಾಥ್‌ಲ್ಯಾಬ್‌ನಲ್ಲಿ ಬಲೂನು ಹಾಕಿ ಸ್ಟೆಂಟ್ ಕೂರಿಸುವುದು. ಇನ್ನೊಂದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು. ಎರಡೂ ಒಂದೇ ಹೊತ್ತಿಗೆ ಕೈಗೆ ಸಿಗುವಂತಿದ್ದರೆ ಸ್ಟೆಂಟ್ ಮೇಲು ಎಂಬುದರಲ್ಲಿ ವಿವಾದವಿಲ್ಲ. ಒಂದೇ ಹೊತ್ತಿಗೆ ಸಿಗದಿದ್ದಾಗ ಏನು ಮಾಡಬೇಕೆಂಬುದನ್ನು ಯುರೋಪಿನ 2023ರ ಮಾರ್ಗಸೂಚಿಯೂ ಅಮೆರಿಕದ 2025ರ ಮಾರ್ಗಸೂಚಿಯೂ ಹೆಚ್ಚುಕಡಿಮೆ ಒಂದೇ ರೀತಿ ಹೇಳುತ್ತವೆ: 120 ನಿಮಿಷದೊಳಗೆ ಸ್ಟೆಂಟ್ ಸಾಧ್ಯವಿಲ್ಲವೆಂದು ಕಂಡರೆ ರೋಗಿ ಇರುವಲ್ಲೇ ಇಂಜೆಕ್ಷನ್ ಕೊಡಬೇಕು, ಆಮೇಲೆ ಮುಂದಕ್ಕೆ ಕಳಿಸಬೇಕು.

ಈ 120 ನಿಮಿಷದ ಲೆಕ್ಕವನ್ನು ಹಿರೇಕೆರೂರಿನ ರಸ್ತೆಗಳ ಮೇಲೆ ಇಟ್ಟು ನೋಡಬೇಕು. ಹುಬ್ಬಳ್ಳಿ ನೂರು ಕಿಲೋಮೀಟರಿಗೂ ದೂರ. ದಾವಣಗೆರೆ, ಶಿವಮೊಗ್ಗಗಳು ಹತ್ತಿರವೆಂದರೂ ಒಂದೂವರೆ ತಾಸಿನ ಆಸುಪಾಸಿನ ಹಾದಿ. ಅದಕ್ಕೆ ಗಾಡಿ ಬರುವ ಹೊತ್ತು ಸೇರುತ್ತದೆ, ಮನೆಯವರು ಮಾತಾಡಿ ಒಪ್ಪುವ ಹೊತ್ತು ಸೇರುತ್ತದೆ, ದುಡ್ಡು ಹೊಂದಿಸುವ ಹೊತ್ತು ಸೇರುತ್ತದೆ. ದೊಡ್ಡ ಆಸ್ಪತ್ರೆ ಮುಟ್ಟಿದ ಮೇಲೂ ನಡುರಾತ್ರಿ ಕ್ಯಾಥ್‌ಲ್ಯಾಬ್ ತಂಡ ಕೂಡಬೇಕು. ಗಡಿಯಾರ ನಿಲ್ಲುವುದು ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಮುಚ್ಚಿದ ನಾಳದೊಳಗೆ ತಂತಿ ದಾಟಿದಾಗ. ಹಾನಗಲ್ಲ, ಸವಣೂರುಗಳ ಲೆಕ್ಕವೂ ಬಹುಪಾಲು ಹೀಗೆಯೇ. ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಶಿಗ್ಗಾವಿಗೆ ಮಾತ್ರ ಹುಬ್ಬಳ್ಳಿ ಸಮೀಪ. ಅಲ್ಲಿ ಹಗಲು ಹೊತ್ತಿನಲ್ಲಿ, ಅತ್ತ ಕಡೆಯಿಂದ ಫೋನಿನಲ್ಲಿ ಒಪ್ಪಿಗೆ ಸಿಕ್ಕಿದ್ದರೆ, ನೇರ ಸ್ಟೆಂಟಿನ ಯೋಚನೆ ಮಾಡಬಹುದು. ಉಳಿದ ಕಡೆ ತಾಲೂಕು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನೇ ಸರಿಯಾದ ಮೊದಲ ಚಿಕಿತ್ಸೆ. ಅದನ್ನು ಬಡವರ ಚಿಕಿತ್ಸೆ ಎಂದೋ ಸ್ಟೆಂಟ್ ಸಿಗದವರಿಗೆ ಕೊಡುವ ಸಮಾಧಾನವೆಂದೋ ಕಾಣುವುದು ತಪ್ಪು. ಇಂಜೆಕ್ಷನ್ ಕೊಡದೆ ಚೀಟಿ ಬರೆದು ರೋಗಿಯನ್ನು ಗಾಡಿ ಹತ್ತಿಸುವುದು ಮೇಲ್ನೋಟಕ್ಕೆ ಎಚ್ಚರಿಕೆಯ ನಡೆಯಂತೆ ಕಾಣುತ್ತದೆ. ಆದರೆ ಹೃದಯದ ಸ್ನಾಯು ಸಾಯುವುದು ಆ ಹಾದಿಯಲ್ಲೇ.

ಎಷ್ಟು ಬೇಗ ಎಂಬುದಕ್ಕೆ ಹಳೆಯದಾದರೂ ಇನ್ನೂ ಮಾಸದ ಒಂದು ಲೆಕ್ಕವಿದೆ. ಹೆಪ್ಪು ಕರಗಿಸುವ ಔಷಧದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ನೋವು ಶುರುವಾದ ಮೊದಲ ಗಂಟೆಯೊಳಗೆ ಔಷಧ ಸಿಕ್ಕರೆ ಸಾವಿರ ರೋಗಿಗಳಲ್ಲಿ 65 ಜೀವ ಹೆಚ್ಚಿಗೆ ಉಳಿಯುತ್ತವೆ. ಎರಡನೆಯ ಗಂಟೆಗೆ ಅದು 37ಕ್ಕೆ ಇಳಿಯುತ್ತದೆ, ಮೂರನೆಯ ಗಂಟೆಗೆ 26ಕ್ಕೆ. 12 ಗಂಟೆಯವರೆಗೂ ಔಷಧ ಕೊಡಬಹುದು ಎಂಬ ನಿಯಮವನ್ನು ನೆನಪಿಡುವವರು ಈ ಇಳಿಜಾರನ್ನು ಮರೆಯುವುದುಂಟು. ಹೆಪ್ಪು ಹಸಿಯಾಗಿದ್ದಾಗ ಕರಗುತ್ತದೆ. ಹಳತಾದಷ್ಟೂ ಔಷಧಕ್ಕೆ ಬಗ್ಗುವುದಿಲ್ಲ.

ಭಾರತದಲ್ಲಿ ಆ ಹೊತ್ತು ಎಲ್ಲಿ ಕಳೆಯುತ್ತದೆಂದು ತೋರಿಸಿದ ದೊಡ್ಡ ಅಧ್ಯಯನ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತಿತರರ ಮುಂದಾಳತ್ವದಲ್ಲಿ. ‘ಕ್ರಿಯೇಟ್’ ಎಂಬ ಆ ನೋಂದಣಿಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಶೇ 60ರಷ್ಟು ಮಂದಿಗೆ ಎಸ್‌ಟಿ ಏರಿಕೆಯ ಹೃದಯಾಘಾತವಾಗಿತ್ತು. ಅವರು ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ತಾಸು. ಮುಟ್ಟಿದ ಮೇಲೆ ಔಷಧ ಸಿಗಲು ಹಿಡಿದದ್ದು 50 ನಿಮಿಷ. ಬಡವರಲ್ಲಿ ಸಾವು ಹೆಚ್ಚಿತ್ತು. ಆದರೆ ಕೊಟ್ಟ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಇಲ್ಲವಾಯಿತು. ಬಡವರ ಹೃದಯ ಬೇರೆಯಾಗಿರಲಿಲ್ಲ, ಅವರಿಗೆ ಸಿಕ್ಕ ಔಷಧ ಬೇರೆಯಾಗಿತ್ತು. ಈ ಪತ್ರದಲ್ಲಿ ಬರುವ ಎಲ್ಲ ಅಧ್ಯಯನಗಳಲ್ಲಿ ತಾಲೂಕು ವೈದ್ಯರು ಮತ್ತೆ ಮತ್ತೆ ಓದಬೇಕಾದದ್ದು ಬಹುಶಃ ಇದೊಂದೇ.

ಆರು ತಾಸಿನಲ್ಲಿ ದೊಡ್ಡ ಪಾಲು ಮನೆಯಲ್ಲೇ ಹೋಗುತ್ತದೆ. ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿದು, ಎದೆಗೆ ಎಣ್ಣೆ ತಿಕ್ಕಿಸಿಕೊಂಡು, ಬೆಳಗಾಗಲಿ ನೋಡೋಣ ಎನ್ನುವುದು ಈ ಭಾಗದ ವಾಡಿಕೆ. ಆದರೆ ಪಾಲು ಅಲ್ಲಿಗೇ ಮುಗಿಯುವುದಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಆ್ಯಸಿಡಿಟಿ ಇಂಜೆಕ್ಷನ್ ಬೀಳುತ್ತದೆ, ಅರ್ಧ ತಾಸು ಮಲಗಿಸುತ್ತಾರೆ, ಹಗುರಾದಂತೆ ಅನ್ನಿಸುತ್ತದೆ. ಹೊಟ್ಟೆ ಉರಿಗೆ ಕೊಟ್ಟ ಔಷಧದಿಂದ ನೋವು ಕಡಿಮೆಯಾಯಿತೆಂದರೆ ಹೃದಯಾಘಾತವಲ್ಲ ಎಂದು ಅರ್ಥವಲ್ಲ; ಅಂಥ ಪರೀಕ್ಷೆಗೆ ಯಾವ ಬೆಲೆಯೂ ಇಲ್ಲ. ನಲವತ್ತು ದಾಟಿದವರಲ್ಲಿ, ಶುಗರ್ ಇರುವವರಲ್ಲಿ, ಬೀಡಿ ಸೇದುವ ಗುಟ್ಕಾ ಹಾಕುವ ಯುವಕರಲ್ಲಿ ಕೂಡ, ಗದ್ದದಿಂದ ಹೊಕ್ಕುಳಿನವರೆಗೆ ಯಾವ ನೋವಿದ್ದರೂ ಅದರ ಜೊತೆಗೆ ಬೆವರು ಬಂದಿದ್ದರೆ ಮೊದಲು ಇಸಿಜಿ. ಮಧುಮೇಹಿಗಳಲ್ಲಿ, ವಯಸ್ಸಾದ ಹೆಂಗಸರಲ್ಲಿ ನೋವೇ ಇರದೆ ಬರೀ ಉಬ್ಬಸ, ಸುಸ್ತು, ವಾಂತಿ ಇರಬಹುದು.

ಆಸ್ಪತ್ರೆಯ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಚೀಟಿ ಮಾಡಿಸುವ ಮುಂಚೆ, ವೈದ್ಯರು ಬರುವ ಮುಂಚೆ, ಶುಶ್ರೂಷಾಧಿಕಾರಿಯೇ ತೆಗೆಯಬಹುದಾದ ಪರೀಕ್ಷೆ ಇದು. ಕರ್ನಾಟಕದಲ್ಲಿ ಇದನ್ನು ಓದುವ ಕಷ್ಟಕ್ಕೂ ಒಂದು ಪರಿಹಾರ ಬಂದಿದೆ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ಆನ್‌ಲೈನಿನಲ್ಲಿ ಹೋಗಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಓದಾಗಿ ಮರಳಿ ಬರುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರ ಆಸ್ಪತ್ರೆಗಳ ತಜ್ಞರು ಮುಂದಿನ ಹೆಜ್ಜೆ ಹೇಳುತ್ತಾರೆ. ಹೊರಗೆ ಕೊಂಡರೆ ಮೂವತ್ತು ಸಾವಿರ ರೂಪಾಯಿ ಆಸುಪಾಸಿನ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ರೋಗಿಗೆ ಉಚಿತ. ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ಒಯ್ಯುವುದಾಗಿ ಸರ್ಕಾರ ಪ್ರಕಟಿಸಿದ್ದು 2025ರ ಜುಲೈನಲ್ಲಿ.

ಇಂಥ ಜಾಲ ಕೆಲಸ ಮಾಡುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ಸಾಕ್ಷ್ಯವಿದೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗಳಿಗೆ ಜೋಡಿಸಿ 2,420 ರೋಗಿಗಳಲ್ಲಿ ಹಿಂದು ಮುಂದಿನ ಸ್ಥಿತಿ ಹೋಲಿಸಿದಾಗ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿದಿತ್ತು. 2017ರಲ್ಲಿ ಇದು ಪ್ರಕಟವಾಯಿತು. ಹೊಸ ಔಷಧವೊಂದನ್ನೂ ಕಂಡುಹಿಡಿಯದೆ, ಇದ್ದುದನ್ನು ಸರಿಯಾಗಿ ಜೋಡಿಸಿದ್ದಕ್ಕೆ ಸಿಕ್ಕ ಫಲ ಅದು.

ಇಸಿಜಿಯ ಯಂತ್ರದ ಓದಿಗೆ ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಎಸ್‌ಟಿ ಏರಿಕೆ ಇಲ್ಲದೆಯೂ ನಾಳ ಪೂರ್ತಿ ಮುಚ್ಚಿರಬಹುದು ಎಂಬ ಅರಿವು ಕಳೆದ ಹತ್ತು ವರ್ಷಗಳಲ್ಲಿ ಗಟ್ಟಿಯಾಗಿದೆ. ವಿ1ರಿಂದ ವಿ3ರವರೆಗೆ ಎಸ್‌ಟಿ ಕುಸಿದಿದ್ದರೆ ಹೃದಯದ ಹಿಂಭಾಗದ ಆಘಾತವಿರಬಹುದು. ಎಲೆಕ್ಟ್ರೋಡುಗಳನ್ನು ಬೆನ್ನಿಗೆ ಸರಿಸಿ ವಿ7ರಿಂದ ವಿ9 ತೆಗೆದರೆ ಬಯಲಾಗುತ್ತದೆ. ಎದೆಯ ಲೀಡುಗಳಲ್ಲಿ ಎಸ್‌ಟಿ ಕೆಳಗಿಳಿದು ಅಲ್ಲಿಂದಲೇ ಎತ್ತರದ, ಚೂಪಾದ ಟಿ ಅಲೆ ಎದ್ದಿದ್ದರೆ ಅದು ಡಿ ವಿಂಟರ್ ವಿನ್ಯಾಸ, ಮುಂಭಾಗದ ದೊಡ್ಡ ನಾಳದ ಮುಚ್ಚುವಿಕೆ. ಕೆಳಭಾಗದ ಆಘಾತದಲ್ಲಿ ಬಲಗಡೆಯ ವಿ4 ತೆಗೆಯದೆ ನೈಟ್ರೇಟ್ ಮಾತ್ರೆ ನಾಲಿಗೆಯಡಿ ಇಟ್ಟರೆ ಬಿಪಿ ಪಾತಾಳಕ್ಕಿಳಿಯಬಹುದು. ಮೊದಲ ಇಸಿಜಿ ಸರಿಯಿದ್ದು ನೋವು ನಿಲ್ಲದಿದ್ದರೆ ಹದಿನೈದು ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಟ್ರೋಪೋನಿನ್‌ಗಾಗಿ ಕಾಯಬೇಕಾದದ್ದು ಇಸಿಜಿ ಉತ್ತರ ಕೊಡದಿದ್ದಾಗ ಮಾತ್ರ. ಎಸ್‌ಟಿ ಏರಿದ್ದೂ ರಕ್ತದ ವರದಿ ಬರಲೆಂದು ಕೂರುವುದು ಹೊತ್ತನ್ನು ಸುಮ್ಮನೆ ಸುಟ್ಟಂತೆ.

ಇನ್ನು ಇಂಜೆಕ್ಷನ್ನಿನ ವಿಷಯ. ಬಹುಕಾಲ ಬಳಕೆಯಲ್ಲಿದ್ದ ಸ್ಟ್ರೆಪ್ಟೊಕೈನೇಸನ್ನು ಅರ್ಧ ತಾಸಿನಿಂದ ಒಂದು ತಾಸು ಡ್ರಿಪ್ ಹಾಕಬೇಕು. ಬಿಪಿ ಬೀಳುತ್ತದೆ, ಅಲರ್ಜಿಯಾಗಬಹುದು, ಒಮ್ಮೆ ಕೊಟ್ಟರೆ ಮತ್ತೆ ಕೊಡುವಂತಿಲ್ಲ. ಟೆನೆಕ್ಟೆಪ್ಲೇಸ್ ಒಂದೇ ಸಲ, ಐದು ಸೆಕೆಂಡಿನಲ್ಲಿ ರಕ್ತನಾಳಕ್ಕೆ ಕೊಡುವಂಥದ್ದು. ತೂಕ 60 ಕಿಲೋಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, ಆಮೇಲೆ ಪ್ರತಿ ಹತ್ತು ಕಿಲೋಗೆ ಐದೈದು ಮಿಲಿಗ್ರಾಂ ಏರಿ, 90 ಕಿಲೋ ಮತ್ತು ಮೇಲಿನವರಿಗೆ 50. ಆದ್ದರಿಂದ ತೂಕ ಕೇಳಿ ಬರೆದುಕೊಳ್ಳುವುದು ಬರೀ ಔಪಚಾರಿಕತೆಯಲ್ಲ. ಸಣ್ಣ ಮೈಕಟ್ಟಿನ ಹಳ್ಳಿಯ ಹೆಂಗಸಿಗೆ ಕಣ್ಣಂದಾಜಿನಲ್ಲಿ 40 ಕೊಟ್ಟರೆ ರಕ್ತಸ್ರಾವದ ಅಪಾಯ ಏರುತ್ತದೆ. ಮಾರ್ಗಸೂಚಿಗಳ ಗುರಿ ಕಟ್ಟುನಿಟ್ಟು: ರೋಗ ಗುರುತಿಸಿದ 10 ನಿಮಿಷದೊಳಗೆ ಎಂದು ಯುರೋಪು, 30 ನಿಮಿಷದೊಳಗೆ ಎಂದು ಅಮೆರಿಕ.

ಔಷಧ ಕೊಟ್ಟು ಮುಂದಕ್ಕೆ ಕಳಿಸುವ ಈ ಕ್ರಮವನ್ನು ನೇರ ಸ್ಟೆಂಟಿನೊಡನೆ ತೂಗಿ ನೋಡಿದ್ದು 2013ರ ‘ಸ್ಟ್ರೀಮ್’ ಪ್ರಯೋಗ. ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದ, ಒಂದು ಗಂಟೆಯೊಳಗೆ ಸ್ಟೆಂಟ್ ಸಿಗದ 1,892 ರೋಗಿಗಳು ಅದರಲ್ಲಿದ್ದರು. ಒಂದು ತಿಂಗಳಲ್ಲಿ ಸಾವು, ಆಘಾತಸ್ಥಿತಿ, ಹೃದಯ ವೈಫಲ್ಯ, ಮರು ಹೃದಯಾಘಾತ ಎಲ್ಲ ಸೇರಿ ಔಷಧದ ಗುಂಪಿನಲ್ಲಿ ಶೇ 12.4, ಸ್ಟೆಂಟಿನ ಗುಂಪಿನಲ್ಲಿ ಶೇ 14.3. ಮಿದುಳಿನ ರಕ್ತಸ್ರಾವ ಮಾತ್ರ ಔಷಧದ ಗುಂಪಿನಲ್ಲಿ ಹೆಚ್ಚಿತ್ತು. 75 ದಾಟಿದವರಿಗೆ ಅರ್ಧ ಡೋಸು ಎಂಬ ನಿಯಮ ಬಂದದ್ದು ಆ ಪ್ರಯೋಗದ ನಡುವೆಯೇ. 2023ರಲ್ಲಿ ಬಂದ ಎರಡನೆಯ ‘ಸ್ಟ್ರೀಮ್’ 60 ದಾಟಿದವರಿಗೆಲ್ಲ ಅರ್ಧ ಡೋಸು ಕೊಟ್ಟು ನೋಡಿತು. ಅಲ್ಲೂ ಆರು ಮಂದಿಗೆ, ಅಂದರೆ ಶೇ 1.5ರಷ್ಟು ರೋಗಿಗಳಿಗೆ, ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆ ಆರರಲ್ಲಿ ಮೂರು ನಿಯಮ ಮೀರಿದ ಪ್ರಕರಣಗಳು: ಎರಡರಲ್ಲಿ ರಕ್ತ ತೆಳುವಾಗಿಸುವ ಔಷಧ ಹೆಚ್ಚಾಗಿತ್ತು, ಒಂದರಲ್ಲಿ ಬಿಪಿ ಹತೋಟಿಯಲ್ಲಿರಲಿಲ್ಲ. ಹೆಪ್ಪು ಕರಗಿಸುವ ಔಷಧಕ್ಕೆ ಹೆದರುವ ವೈದ್ಯರು ನಿಜವಾಗಿ ಹೆದರಬೇಕಾದದ್ದು ಈ ಎರಡಕ್ಕೆ. ಮೇಲಿನ ಬಿಪಿ 180, ಕೆಳಗಿನದು 110 ಮೀರಿದ್ದರೆ ಮೊದಲು ಇಳಿಸಬೇಕು. ಎನಾಕ್ಸಪಾರಿನ್ ಕೊಟ್ಟ ರೋಗಿಗೆ ಹೆಪಾರಿನ್ ಬೆರೆಸಬಾರದು. 75 ದಾಟಿದವರಿಗೆ ಎನಾಕ್ಸಪಾರಿನ್ ನಾಳಕ್ಕೆ ಕೊಡದೆ, ಚರ್ಮದಡಿಯ ಪ್ರಮಾಣವನ್ನು ಕಿಲೋಗೆ 0.75 ಮಿಲಿಗ್ರಾಮಿಗೆ ಇಳಿಸಬೇಕು. ಆಸ್ಪಿರಿನ್ ಅಗಿಸಬೇಕು. ಕ್ಲೋಪಿಡೊಗ್ರೆಲ್ 75ರ ವಯಸ್ಸಿನವರೆಗೆ 300 ಮಿಲಿಗ್ರಾಂ, ಅದರ ಮೇಲೆ 75 ಮಾತ್ರ. ಪ್ರಸುಗ್ರೆಲ್, ಟಿಕಾಗ್ರೆಲರ್ ಈ ಹಂತದಲ್ಲಿ ಬೇಡ.

ಔಷಧ ಕೊಡಲೇಬಾರದ ಸಂದರ್ಭಗಳು ವೈದ್ಯರಿಗೆ ಗೊತ್ತಿರುವವೇ: ಹಿಂದೆಂದಾದರೂ ಮಿದುಳಿನಲ್ಲಿ ರಕ್ತಸ್ರಾವ, ಈಚಿನ ಪಾರ್ಶ್ವವಾಯು, ಮಿದುಳಿನ ಗಡ್ಡೆ, ನಡೆಯುತ್ತಿರುವ ರಕ್ತಸ್ರಾವ. ಮರೆತುಹೋಗುವುದು ಮಹಾಧಮನಿ ಸೀಳುವುದು. ಬೆನ್ನಿಗೆ ಹರಿಯುವ, ಸೀಳಿದಂಥ ನೋವು, ಎರಡು ತೋಳುಗಳ ಬಿಪಿಯಲ್ಲಿ ದೊಡ್ಡ ಅಂತರ ಇವೆರಡನ್ನು ನೋಡದೆ ಸಿರಿಂಜು ಎತ್ತಬಾರದು. ಎರಡೂ ಕೈಗೆ ಬಿಪಿ ಪಟ್ಟಿ ಸುತ್ತಲು ಎರಡು ನಿಮಿಷ ಸಾಕು.

ಈಚಿನ ವರ್ಷಗಳ ಸಂಶೋಧನೆಯಲ್ಲಿ ಹೊಸದಾಗಿ ಮಾಡಬೇಕಾದ್ದಕ್ಕಿಂತ ಬಿಡಬೇಕಾದ್ದೇ ಹೆಚ್ಚು. ಎದೆನೋವೆಂದ ಕೂಡಲೇ ಮೂಗಿಗೆ ಆಮ್ಲಜನಕದ ನಳಿಕೆ ಹಾಕುವ ಪದ್ಧತಿಗೆ ಆಧಾರವಿಲ್ಲ. ಸ್ವೀಡನ್ನಿನ 2017ರ ದೊಡ್ಡ ಪ್ರಯೋಗದ ನಂತರ, ರಕ್ತದಲ್ಲಿನ ಆಮ್ಲಜನಕ ಶೇ 90ಕ್ಕಿಂತ ಕಡಿಮೆಯಾದಾಗ ಮಾತ್ರ ಎಂಬುದು ನಿಯಮ. ಮಾರ್ಫಿನ್ ನೋವು ತಗ್ಗಿಸುತ್ತದೆ, ಆದರೆ ಹೊಟ್ಟೆಗೆ ಹೋದ ಮಾತ್ರೆಗಳು ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಮೊದಲ ತಾಸುಗಳಲ್ಲಿ ಮೆಟೊಪ್ರೊಲಾಲ್ ನಾಳಕ್ಕೆ ಕೊಡುವುದರಿಂದ ಆಘಾತಸ್ಥಿತಿ ಹೆಚ್ಚುತ್ತದೆಂದು ಚೀನಾದ ‘ಕಮಿಟ್’ ಪ್ರಯೋಗ 2005ರಲ್ಲೇ ತೋರಿಸಿತ್ತು. ನಗರದ ದೊಡ್ಡ ಆಸ್ಪತ್ರೆಗಳ ವಿಷಯ ಒಂದೇ ಮಾತಿನಲ್ಲಿ: ಆಘಾತಸ್ಥಿತಿಗೆ ಹೋದ ಆಯ್ದ ರೋಗಿಗಳಲ್ಲಿ ಹೃದಯದೊಳಗೆ ಕೂರಿಸುವ ಪುಟ್ಟ ಪಂಪು ಸಾವು ಇಳಿಸಿತೆಂದು 2024ರ ‘ಡೇಂಜರ್ ಶಾಕ್’ ಹೇಳಿದೆ, ಎಕ್ಮೋ ಯಂತ್ರದಿಂದ ಅಂಥ ಲಾಭ 2023ರ ಪ್ರಯೋಗದಲ್ಲಿ ಕಾಣಲಿಲ್ಲ.

ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯನ್ನು ತಾಲೂಕಿನಲ್ಲೇ ಇಟ್ಟುಕೊಂಡು ‘ನೋಡೋಣ’ ಎನ್ನುವುದು ಇಂಜೆಕ್ಷನ್ ಕೊಡದೆ ಕಳಿಸುವಷ್ಟೇ ದೊಡ್ಡ ತಪ್ಪು. ‘ಸ್ಟ್ರೀಮ್’ನಲ್ಲೇ ಶೇ 36ರಷ್ಟು ಮಂದಿಯಲ್ಲಿ ಔಷಧ ಸಾಲದೆ ತುರ್ತಾಗಿ ಆಂಜಿಯೋ ಬೇಕಾಯಿತು. ಆದ್ದರಿಂದ ಔಷಧ ಒಳಗೆ ಹೋದ ಕೂಡಲೇ ಗಾಡಿ ಹೊರಡಬೇಕು. 60ರಿಂದ 90 ನಿಮಿಷದ ಹೊತ್ತಿಗೆ ಇನ್ನೊಂದು ಇಸಿಜಿ ತೆಗೆದು, ಎಸ್‌ಟಿ ಏರಿಕೆ ಅರ್ಧಕ್ಕಿಂತ ಕಡಿಮೆ ಇಳಿದಿದ್ದರೆ ಅಥವಾ ನೋವು ಹಾಗೇ ಇದ್ದರೆ, ತಲುಪಿದೊಡನೆ ಆಂಜಿಯೋ ಆಗಬೇಕು. ಇಳಿದಿದ್ದರೆ 2ರಿಂದ 24 ಗಂಟೆಯೊಳಗೆ. ನಾಳ ತೆರೆದುಕೊಳ್ಳುವಾಗ ಹೃದಯದ ಬಡಿತ ಕೆಲ ಹೊತ್ತು ಅಗಲವಾದ ಅಲೆಗಳಲ್ಲಿ, ನಿಧಾನ ಲಯದಲ್ಲಿ ಓಡಬಹುದು. ಬಿಪಿ ಸರಿಯಿದ್ದರೆ ಅದಕ್ಕೆ ಔಷಧ ಬೇಡ, ಅದು ಒಳ್ಳೆಯ ಲಕ್ಷಣ. ರೋಗಿಯ ಜೊತೆ ಹೋಗುವ ಕಾಗದದಲ್ಲಿ ನೋವು ಶುರುವಾದ ಹೊತ್ತು, ಔಷಧ ಕೊಟ್ಟ ಹೊತ್ತು, ಪ್ರಮಾಣ, ಮೊದಲ ಇಸಿಜಿಯ ಪ್ರತಿ ಇರಬೇಕು. ‘ಎದೆನೋವು, ಹೆಚ್ಚಿನ ಚಿಕಿತ್ಸೆಗೆ ಕಳಿಸಿದೆ’ ಎಂಬ ಒಂದು ಸಾಲಿನ ಚೀಟಿಯಿಂದ ಅತ್ತಲಿನವರಿಗೆ ಏನೂ ತಿಳಿಯುವುದಿಲ್ಲ.

2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಶುರುವಾದ 108 ಸೇವೆಯ ಸಿಬ್ಬಂದಿಯ ಪಾಲು ಇಲ್ಲಿ ದೊಡ್ಡದು. ಹೃದಯಾಘಾತದ ಮೊದಲ ತಾಸುಗಳ ಸಾವುಗಳಲ್ಲಿ ಹೆಚ್ಚಿನವು ಕುಹರಗಳು ಲಯ ತಪ್ಪಿ ಅದುರುವುದರಿಂದ ಆಗುವಂಥವು, ಅದಕ್ಕೆ ಮದ್ದು ಶಾಕ್ ಮಾತ್ರ. ಡಿಫಿಬ್ರಿಲೇಟರ್ ಇಲ್ಲದ ಖಾಸಗಿ ಕಾರಿನಲ್ಲಿ ಬೇಗ ಮುಟ್ಟುತ್ತೇವೆಂದು ಹೊರಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಎದೆ ಒತ್ತುವುದರ ಅಳತೆ ಬದಲಾಗಿಲ್ಲ: ಕನಿಷ್ಠ 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಮೂರು ಶಾಕಿಗೂ ಬಗ್ಗದ ಲಯಕ್ಕೆ ಕೆನಡಾದ 2022ರ ಪ್ರಯೋಗವೊಂದು ದಾರಿ ತೋರಿದೆ. ಪ್ಯಾಡುಗಳನ್ನು ಎದೆ–ಪಕ್ಕೆಯಿಂದ ಎದೆ–ಬೆನ್ನಿಗೆ ಬದಲಿಸಿದಾಗ ಬದುಕಿ ಮನೆಗೆ ಹೋದವರು ಶೇ 21.7, ಎರಡು ಯಂತ್ರಗಳಿಂದ ಒಂದರ ಹಿಂದೊಂದು ಶಾಕ್ ಕೊಟ್ಟಾಗ ಶೇ 30.4, ಹಳೆಯ ಕ್ರಮದಲ್ಲಿ ಶೇ 13.3. ಎಲ್ಲ ಮಾರ್ಗಸೂಚಿಗಳೂ ಇದನ್ನು ಇನ್ನೂ ಒಪ್ಪಿಲ್ಲ. ಎರಡು ಯಂತ್ರ ತಾಲೂಕಿನಲ್ಲಿ ಕನಸಿನ ಮಾತು. ಪ್ಯಾಡು ಬದಲಿಸಲು ಮಾತ್ರ ಖರ್ಚಿಲ್ಲ. ಅಡ್ರಿನಲಿನ್ ಕೊಡಬೇಕು, ಆದರೆ ಅದರಿಂದ ಬದುಕುವವರು ಸ್ವಲ್ಪ ಹೆಚ್ಚಿದರೂ ಮಿದುಳು ನೆಟ್ಟಗಿದ್ದು ಬದುಕುವವರು ಹೆಚ್ಚಲಿಲ್ಲವೆಂದು ಬ್ರಿಟನ್ನಿನ 2018ರ ಅಧ್ಯಯನ ಹೇಳುತ್ತದೆ. ಬಡಿತ ಮರಳಿದ ಮೇಲೆ ಮೈ ತಣ್ಣಗಾಗಿಸುವ ಸಾಹಸ ಬೇಡ, ಜ್ವರ ಬಾರದಂತೆ ನೋಡಿಕೊಂಡರೆ ಸಾಕು ಎಂಬುದು 2021ರ ನಂತರದ ನಿಲುವು.

ಹಾಸನದ ಸುದ್ದಿಯ ಬಗ್ಗೆ ನಾಲ್ಕು ಮಾತು, ಏಕೆಂದರೆ ಅದರ ಬಿಸಿ ಹೊರರೋಗಿ ವಿಭಾಗಗಳಿಗೂ ತಟ್ಟಿತು. 2025ರ ಬೇಸಿಗೆಯ ಕೊನೆಯಲ್ಲಿ ಅಲ್ಲಿ ಕಿರಿಯರು ಸಾಲುಸಾಲಾಗಿ ಹೃದಯಾಘಾತದಿಂದ ಸತ್ತರೆಂಬ ವರದಿಗಳಿಂದ ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮುಗಿಬಿದ್ದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಹೃದಯಕ್ಕೆ ಸಂಬಂಧಿಸಿಯೇ ಇರಲಿಲ್ಲ. ಒಟ್ಟಾರೆ ಅಸಹಜ ಏರಿಕೆ ಕಂಡುಬರಲಿಲ್ಲ. ಹೆದರಿ ಬರುವ ಇಪ್ಪತ್ತೈದರ ಹುಡುಗನಿಗೆ ಬಿಪಿ, ಶುಗರ್, ಕೊಬ್ಬಿನ ಪರೀಕ್ಷೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬ ಪ್ರಶ್ನೆ, ತಂಬಾಕಿನ ಮಾತು ಸಾಕು. ಆರಾಮವಿರುವವರಿಗೆ ಸಾಲಾಗಿ ಎಕೋ, ಸಿಟಿ ಆಂಜಿಯೋ ಬರೆಯುವುದು ವೈದ್ಯವಲ್ಲ.

ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದ ರೋಗಿ ಮತ್ತೆ ತಾಲೂಕಿನ ವೈದ್ಯರ ಕೈಗೇ ಬರುತ್ತಾನೆ. ಎರಡು ಬಗೆಯ ರಕ್ತ ತೆಳುವಾಗಿಸುವ ಮಾತ್ರೆಗಳು, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ಸಾಮಾನ್ಯವಾಗಿ ಒಂದು ವರ್ಷ ನಡೆಯಬೇಕು. ಗೋವಿನಜೋಳ ಮಾರಿದ ದುಡ್ಡು ಬರುವವರೆಗೆ ಎಂದು ನಡುವೆ ನಿಲ್ಲಿಸುವವರಲ್ಲಿ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ಅದನ್ನು ತಪ್ಪಿಸಲು ಅಗ್ಗದ ಜನೆರಿಕ್ ಕ್ಲೋಪಿಡೊಗ್ರೆಲ್‌ಗೆ ಬದಲಿಸುವುದಾದರೆ ಸ್ಟೆಂಟ್ ಹಾಕಿದವರನ್ನು ಫೋನಿನಲ್ಲಿ ಕೇಳಿ ಬದಲಿಸಬಹುದು. ಎಲ್ಲರಿಗೂ ಜೀವನಪೂರ್ತಿ ಬೀಟಾ ಬ್ಲಾಕರ್ ಎಂಬ ಹಳೆಯ ಪದ್ಧತಿ ಈಗ ಅಲುಗಾಡಿದೆ. ಪಂಪ್ ಮಾಡುವ ಶಕ್ತಿ ಶೇ 50 ಅಥವಾ ಹೆಚ್ಚಿದ್ದವರಲ್ಲಿ ಸ್ವೀಡನ್ನಿನ 2024ರ ಪ್ರಯೋಗ, ಶೇ 40 ಮೀರಿದ್ದವರಲ್ಲಿ ಸ್ಪೇನ್ ಮತ್ತು ಇಟಲಿಯ 2025ರ ‘ರೀಬೂಟ್’ ಅದರಿಂದ ಲಾಭ ಕಾಣಲಿಲ್ಲ. ಅದೇ ವರ್ಷ ಬಂದ ಡೆನ್ಮಾರ್ಕ್–ನಾರ್ವೆಯ ಪ್ರಯೋಗ ಸಣ್ಣ ಲಾಭ ಕಂಡಿತು. ಎಕೋದಲ್ಲಿ ಶಕ್ತಿ ಕುಂದಿದ್ದರೆ ಮಾತ್ರೆ ಬೇಕೇ ಬೇಕು, ಅದರಲ್ಲಿ ಬದಲಾವಣೆಯಿಲ್ಲ. ಸ್ಟ್ಯಾಟಿನ್ ಪೂರ್ಣ ಪ್ರಮಾಣದಲ್ಲಿ ಶುರುವಾಗಿರಬೇಕು. 4ರಿಂದ 8 ವಾರಗಳಲ್ಲಿ ಎಲ್‌ಡಿಎಲ್ ಪರೀಕ್ಷಿಸಿ, 70ಕ್ಕಿಂತ ಕೆಳಗೆ ಇಳಿಯದಿದ್ದರೆ ಎಜೆಟಿಮೈಬ್ ಸೇರಿಸಬೇಕು. 55ರಿಂದ 69ರ ನಡುವೆ ಇದ್ದರೂ ಸೇರಿಸುವುದು ಯುಕ್ತ ಎನ್ನುತ್ತದೆ 2025ರ ಅಮೆರಿಕನ್ ಮಾರ್ಗಸೂಚಿ. ಈ ಪರೀಕ್ಷೆಗಾಗಲಿ ಮಾತ್ರೆಗಾಗಲಿ ರೋಗಿ ಹುಬ್ಬಳ್ಳಿ, ದಾವಣಗೆರೆಯ ಬಸ್ಸು ಹತ್ತಬೇಕಾಗಿಲ್ಲ.

ಇಂತಿ,
ಹಿರೇಕೆರೂರು ತಾಲೂಕಿನ ಓರ್ವ ವೈದ್ಯ